ಮೀಟರು ಆರುವ ಹೊತ್ತು

ಸನತ್‌ಕುಮಾರರ ಕಾರಿಗೆ ಹಿಡಿದ ರೋಗ ಎಂತದ್ದೆಂದರೆ, ರಿಪೇರಿಯವನ ಎದುರು ನಿಂತ ಕೂಡಲೇ ಅದು ಗುಣವಾಗಿಬಿಡುತ್ತಿತ್ತು. ಬೆಳಿಗ್ಗೆ ನಾರಾವಿಯಿಂದ ಮೂಡುಬಿದಿರೆಗೆ ಹೋಗುವಾಗ ಏನೂ ತೊಂದರೆ ಇಲ್ಲ. ಸಂಜೆ ಮೊಮ್ಮಗಳನ್ನು ಶಾಲೆಯಿಂದ ಕರೆದುಕೊಂಡು ವಾಪಸು ಬರುವಾಗ, ಶಿರ್ತಾಡಿ ದಾಟುವ ಮೊದಲೇ, ಸ್ಟಿಯರಿಂಗಿನ ಹಿಂದಿನ ಮೀಟರ್ ಬೋರ್ಡಿನಲ್ಲಿ ಮುಳ್ಳುಗಳೆಲ್ಲ ದೊಪ್ಪನೆ ಬಿದ್ದುಕೊಳ್ಳುತ್ತಿದ್ದವು. ಪೆಟ್ರೋಲು, ಕಿಲೋಮೀಟರು ತೋರಿಸುವ ಸಣ್ಣ ಡಿಸ್‌ಪ್ಲೇ ಆರಿ ಕಪ್ಪಾಗುತ್ತಿತ್ತು. ಮರುದಿನ ಬೆಳಿಗ್ಗೆ ಚಾವಿ ತಿರುಗಿಸಿದರೆ, ನಾವೆಲ್ಲಿ ಹೋಗಿದ್ದೆವು ಎನ್ನುವ ಹಾಗೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಬೆಳಗಿಕೊಂಡು ಕೂತಿರುತ್ತಿದ್ದವು.

ಅಷ್ಟಕ್ಕೇ ಮುಗಿದಿದ್ದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ದೀಪಾವಳಿ ಕಳೆದ ವಾರ ಮೀಟರು ಹೀಗೆ ಆರಿದ್ದಾಗಲೇ ಪೆಟ್ರೋಲೂ ಮುಗಿದು, ಕಾರು ನಡುದಾರಿಯಲ್ಲಿ ಕೂತುಬಿಟ್ಟಿತು. ಅಜ್ಜ ಮೊಮ್ಮಗಳು ಇಬ್ಬರೂ ಯಾರದೋ ಪಿಕಪ್ ಹತ್ತಿ ಮನೆಗೆ ಬರುವಾಗ ಹೊತ್ತು ಮುಳುಗಿತ್ತು. ಅವರದು ಜೈನರ ಮನೆ. ಸೂರ್ಯ ಮುಳುಗಿದ ಮೇಲೆ ಅಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಒಂಬತ್ತು ವರ್ಷದ ಗ್ರೀಷ್ಮಾ ಹಸಿದುಕೊಂಡು ಅಳುವುದನ್ನು ನೋಡಿ ಅವಳ ತಾಯಿ ಮೇಘಾ ನಿಯಮ ಗಿಯಮ ಎಲ್ಲ ಬದಿಗಿಟ್ಟು ಹಾಲು ಅವಲಕ್ಕಿ ಕಲಸಿ ಕೊಟ್ಟಳು. ಮಾವನ ಹತ್ತಿರ ಮಾತ್ರ ಖಡಕ್ಕಾಗಿ ಹೇಳಿದಳು.

"ಮಾವ, ಒಂದೋ ಆ ಮೀಟರ್ ಸರಿಯಾಗಬೇಕು. ಇಲ್ಲದಿದ್ದರೆ ನಾನು ಇವಳನ್ನು ಮೂಡುಬಿದಿರೆಯಲ್ಲೇ ಹಾಸ್ಟೆಲಿಗೆ ಹಾಕ್ತೇನೆ. ನನಗೆ ಈ ತಲೆಬಿಸಿ ಆಗ್ಲಿಕ್ಕಿಲ್ಲ."

ಮೇಘಾಳನ್ನು ದೂರಿ ಪ್ರಯೋಜನ ಇಲ್ಲ. ಅವಳು ಬೆಳ್ತಂಗಡಿಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ, ಬೆಳಗಾದರೆ ಬಸ್ಸಿಗೆ ಓಡಬೇಕು. ಗಂಡ ಶಶಿರಾಜ್ ಔಷಧಿ ಕಂಪೆನಿಯ ರೆಪ್ರೆಸೆಂಟೇಟಿವ್, ಬ್ಯಾಗು ಹೆಗಲಿಗೆ ಹಾಕಿ ಬೈಕು ಹತ್ತಿದರೆ ಬಂಟ್ವಾಳ, ಪುತ್ತೂರು ಎಂದು ಡಾಕ್ಟರುಗಳ ಬಾಗಿಲು ಕಾಯುವವನು. ಶಾಲೆಯ ಬಸ್ಸು ಶಿರ್ತಾಡಿಯಿಂದ ಈಚೆ ಬರುವುದಿಲ್ಲ. ಹಾಗಾಗಿ ಆ ಮನೆ ನಡೆಯುತ್ತಿದ್ದದ್ದೇ ಸನತ್‌ಕುಮಾರರ ಕಾರಿನ ಮೇಲೆ. ಅವರಿಗೂ ಅದು ಗೊತ್ತಿತ್ತು. ಪಾಣೆಮಂಗಳೂರಿನ ದಿನಸಿ ಅಂಗಡಿ ಮುಚ್ಚಿ ಊರಿಗೆ ಬಂದ ಮೇಲೆ ಅವರು ಮನೆಯಲ್ಲಿ ತಲೆಯೆತ್ತಿ ಮಾತಾಡುತ್ತಿದ್ದದ್ದು ಆ ಒಂದು ಕೆಲಸದ ಬಲದಿಂದ.

ಹಾಸ್ಟೆಲು ಎಂಬ ಶಬ್ದ ಕೇಳಿ ನಿಜವಾಗಿ ಹೆದರಿದ್ದು ಅವರ ಹೆಂಡತಿ ಕಮಲಾವತಿ. ಆ ಮನೆಯಲ್ಲಿ ಅವಳ ಜೊತೆ ಕೂತು ಮಾತಾಡುತ್ತಿದ್ದ ಜೀವ ಅಂದರೆ ಗ್ರೀಷ್ಮಾ ಒಬ್ಬಳೇ. ಗಂಡ ಪೇಪರು ಹಿಡಿದರೆ ಮಾತಿಲ್ಲ, ಮಗನಿಗೆ ಫೋನು, ಸೊಸೆಗೆ ಸುಸ್ತು. ಮಗು ಸಂಜೆ ಬಂದು ಒಲೆಯ ಬದಿಯಲ್ಲಿ ಮಣೆ ಹಾಕಿ ಕೂತು, ಯಾವ ಟೀಚರು ಯಾರಿಗೆ ಬೈದರು ಎಂಬಲ್ಲಿಂದ ಶುರುಮಾಡಿದರೆ ಕಮಲಾವತಿಗೆ ದಿನ ಸಾರ್ಥಕ. ಆ ಮಣೆ ಖಾಲಿಯಾದರೆ ತಾನು ಎಂತಕ್ಕೆ ಅನ್ನ ಬೇಯಿಸುವುದು ಎಂದು ಅವಳಿಗೆ ಅನ್ನಿಸಿತು.

ಅದಕ್ಕೇ ಅವಳು ಗಂಡನ ಬೆನ್ನು ಹತ್ತಿದಳು. ನಾಳೆಯೇ ಹೋಗುವ, ಎಷ್ಟು ಸಲ ಬೇಕಾದರೂ ಹೋಗುವ, ಆ ಮೀಟರು ಸರಿಯಾಗಲೇಬೇಕು ಎಂದಳು. ಹತ್ತಿರದಲ್ಲಿ ಬೇಕಾದಷ್ಟು ಗ್ಯಾರೇಜು ಉಂಟು. ಸನತ್‌ಕುಮಾರರಿಗೆ ಮಾತ್ರ ಪಾಣೆಮಂಗಳೂರಿನ ಅಜ್ಮಲನೇ ಆಗಬೇಕು. ಅಂಗಡಿಯ ಕಾಲದಲ್ಲಿ ಅಜ್ಮಲನ ಅಪ್ಪ ಅವರ ಟೆಂಪೋದ ವಯರಿಂಗು ನೋಡಿದವನು, ಬೇರೆಯವರು ಮುಟ್ಟಿದರೆ ಗಾಡಿ ಹಾಳು ಎಂಬುದು ಅವರ ಹಟ. ಅಷ್ಟು ದೂರ ಹೋಗಿ ಹೊತ್ತು ಮುಳುಗುವ ಮೊದಲು ಉಣ್ಣಲು ಮನೆಗೆ ಬರಬೇಕಲ್ಲ, ಹಾಗಾಗಿ ಮಗುವಿಗೆ ರಜೆ ಇರುವ ದಿನ ನೋಡಿ ಬೆಳಿಗ್ಗೆಯೇ ಹೊರಡುತ್ತಿದ್ದರು.

ಅಜ್ಮಲ್ ಮೊದಲ ಸಲ ಫ್ಯೂಸು ಬದಲಿಸಿದ. ಎರಡನೆಯ ಸಲ ಮೀಟರಿನ ಹಿಂದಿನ ಪ್ಲಗ್ಗು ಕಳಚಿ, ಉಜ್ಜಿ, ಎಂತದೋ ಸ್ಪ್ರೇ ಹೊಡೆದ. ಆಮೇಲೆ ಗುಜರಿಯಿಂದ ಬೇರೆಯೇ ಒಂದು ಮೀಟರ್ ಬೋರ್ಡು ತಂದು ಕೂರಿಸಿದ. ಅವನ ಅಂಗಳದಲ್ಲಿ ಪ್ರತಿ ಸಲವೂ ಎಲ್ಲ ಝಗಝಗ. ಸೋಮವಾರ ಸಂಜೆ ಶಾಲೆಯಿಂದ ಬರುವಾಗ ಮತ್ತೆ ಕಪ್ಪು. ಮನೆಯಲ್ಲಿ ಊಟದ ಹೊತ್ತಿಗೆ ಇದೇ ರಗಳೆ. ಅಪ್ಪ, ಅವ ನಿಮಗೆ ಟೋಪಿ ಹಾಕ್ತಿದ್ದಾನೆ ಎಂದು ಶಶಿರಾಜ್ ನಕ್ಕರೆ, ನಿನಗೆ ವಯರಿಂಗಿನ ಗಂಧ ಗಾಳಿ ಉಂಟಾ ಎಂದು ಸನತ್‌ಕುಮಾರರು ಸಿಡುಕುವುದು. ತೊಂಡೆಕಾಯಿ ಪಲ್ಯ ತಣಿದು ಹೋಗುತ್ತಿತ್ತು.

ಕೊನೆಗೆ ಅಜ್ಮಲನಿಗೂ ರೋಸಿಹೋಯಿತು. ಜೈನ್ರೇ, ನಾನು ಹಿಂದಿನ ಸೀಟಿನಲ್ಲಿ ಕೂತುಕೊಳ್ತೇನೆ, ನೀವು ದಿನಾ ಹೇಗೆ ಬಿಡ್ತೀರೋ ಹಾಗೆಯೇ ಬಿಡಿ, ನಾನು ಬಾಯಿ ಹಾಕುವುದಿಲ್ಲ ಎಂದ. ಊಟ ಮುಗಿದ ಮಧ್ಯಾಹ್ನ ಅದು. ಕಮಲಾವತಿ ಎಂದಿನಂತೆ ಗಂಡನ ಎಡಬದಿಯಲ್ಲಿ ಕೂತಳು. ಕಾರು ಸೇತುವೆ ಹತ್ತಿತು. ಕೆಳಗೆ ನೇತ್ರಾವತಿ ಕಣ್ಣು ಚುಚ್ಚುವ ಹಾಗೆ ಹೊಳೆಯುತ್ತಿತ್ತು. ಸೇತುವೆ ದಾಟಿ, ಮರಗಳ ನೆರಳಿದ್ದ ರಸ್ತೆಗೆ ತಿರುಗಿದ ಕೂಡಲೇ ಸನತ್‌ಕುಮಾರರ ಕೈ ತನ್ನಷ್ಟಕ್ಕೆ ಸ್ಟಿಯರಿಂಗಿನ ಬದಿಗೆ ಹೋಗಿ ಏನೋ ತಿರುಗಿಸಿತು. ಮೀಟರು ಆರಿತು.

"ಜೈನ್ರೇ, ಈಗ ಎಂತ ತಿರುಗಿಸಿದ್ದು?"

"ಲೈಟು."

"ಲೈಟು ಯಾಕೆ?"

"ಮಬ್ಬಾಗಿದೆಯಲ್ಲ ಮಾರಾಯ. ದಿನಾ ಈ ಹೊತ್ತಿಗೆ ಹಾಕುವುದೇ."

ಅಜ್ಮಲ್ ಹೊರಗೆ ನೋಡಿದ. ಕಮಲಾವತಿಯೂ ನೋಡಿದಳು. ರಸ್ತೆಯ ಬದಿಯಲ್ಲಿ ಒಣಗಲು ಹಾಕಿದ ಮೆಣಸಿನ ಒಂದೊಂದು ಕಾಯಿಯನ್ನೂ ಎಣಿಸಬಹುದು, ಅಷ್ಟು ಬಿಸಿಲು. ಅಜ್ಮಲನಿಗೆ ರೋಗ ಸಿಕ್ಕಿದ ಖುಷಿಯಲ್ಲಿ ಬೇರೆ ಯಾವುದೂ ತಲೆಗೆ ಹೋಗಲಿಲ್ಲ. ಲೈಟು ಆರಿಸಿ ಎಂದ, ಮೀಟರಿಗೆ ಜೀವ ಬಂತು. ಹಾಕಿ ಎಂದ, ಸತ್ತಿತು. ವಾಪಸು ಗ್ಯಾರೇಜಿಗೆ ಹೋದದ್ದೇ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ, ಅಲ್ಲಿಂದಲೇ ಪಾಠ ಹೇಳಿದ. ಬ್ಯಾಟರಿಯಿಂದ ಬಂದ ಕರೆಂಟಿಗೆ ವಾಪಸು ಹೋಗಲು ಒಂದು ದಾರಿ ಬೇಕಂತೆ, ಅದಕ್ಕೆ ಅರ್ತ್ ಅಂತ ಹೇಳುವುದಂತೆ. ಆ ವಯರನ್ನು ಕಾರಿನ ಮೈಗೆ ಬಿಗಿದ ಬೋಲ್ಟು ತುಕ್ಕು ಹಿಡಿದಿದೆ. ಮೀಟರು ಒಂದೇ ಆದರೆ ಹೇಗೋ ಸುಧಾರಿಸುತ್ತದೆ. ಲೈಟು ಹಾಕಿದರೆ ಅದರ ಕರೆಂಟೂ ಅದೇ ದಾರಿಗೆ ನುಗ್ಗಿ ಮೀಟರನ್ನು ಸಾಯಿಸುತ್ತದೆ.

"ತಪ್ಪು ನನ್ನದೇ ಅಮ್ಮ," ಎಂದ, ಬೋಲ್ಟು ಬದಲಿಸಿ ಕೈ ಒರೆಸಿಕೊಳ್ಳುತ್ತಾ. "ನೀವು ಹೊತ್ತು ಮುಳುಗುವ ಮೊದಲು ಮನೆ ಸೇರುವವರು, ರಾತ್ರಿ ಗಾಡಿ ಬಿಡುವವರಲ್ಲ. ಅದಕ್ಕೆ ನಾನು ಒಂದು ಸಲವೂ ಲೈಟು ಹಾಕಿ ನೋಡ್ಲೇ ಇಲ್ಲ."

ಕಮಲಾವತಿ ಹೂಂಗುಟ್ಟಿದಳು. ಅವಳಿಗೆ ಬೇರೆಯೇ ಒಂದು ನೆನಪಾಗುತ್ತಿತ್ತು. ನೆಂಟರ ಮನೆಗೆ ಹೋಗಿ ಸಂಜೆ ಬರುವಾಗೆಲ್ಲ ದಾರಿಯಲ್ಲಿ ಎದುರು ಬರುವ ಬಸ್ಸಿನವರು, ರಿಕ್ಷಾದವರು, ಬೈಕಿನ ಹುಡುಗರು ಕೈ ಎತ್ತಿ ಬೆರಳು ಬಿಡಿಸಿ ಮಡಚಿ ಬಿಡಿಸಿ ಮಾಡುತ್ತಿದ್ದರಲ್ಲ. ನಮ್ಮವರ ಗುರುತು ಎಷ್ಟು ಜನಕ್ಕೆ ಉಂಟು, ಎಲ್ಲರೂ ನಮಸ್ಕಾರ ಹೇಳ್ತಾರೆ ಎಂದು ಅವಳು ಒಳಗೊಳಗೇ ಹೆಮ್ಮೆಪಟ್ಟದ್ದೇ ಪಟ್ಟದ್ದು. ಅವರೆಲ್ಲ ಹೇಳುತ್ತಿದ್ದದ್ದು, ಅಜ್ಜಾ, ಹಾಡಹಗಲಲ್ಲಿ ನಿಮ್ಮ ಲೈಟು ಉರಿಯುತ್ತಿದೆ ಎಂದು.

ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿಯೇ ಬಿಟ್ಟಳು. ಮೊದಲು ಅವರು, ನಿನಗೆ ಡ್ರೈವಿಂಗಿನ ವಿಷಯ ಎಂತ ಗೊತ್ತು ಎಂದು ಬಾಯಿ ಮುಚ್ಚಿಸಲು ನೋಡಿದರು. ಅವಳು ಬಿಡಲಿಲ್ಲ. ಕಾರನ್ನು ಬದಿಗೆ ತೆಗೆದು ನಿಲ್ಲಿಸಿ, ಮೀಟರನ್ನೇ ನೋಡುತ್ತಾ ಹೇಳಿದರು.

"ಬದಿಯಲ್ಲಿ ಕಾಣುವುದಿಲ್ಲ. ಮಧ್ಯಾಹ್ನ ಕಳೆದರೆ ಎಲ್ಲ ಮಬ್ಬು. ಎದುರು ಕಾಣ್ತದೆ ಕಮಲಾ, ಡ್ರೈವಿಂಗಿಗೆ ಎದುರು ಕಂಡರೆ ಸಾಕು."

"ಯಾವಾಗಿಂದ?"

"ಅದು ಬಿಡು. ಶಶಿಗೆ ಹೇಳಬೇಡ. ಹೇಳಿದರೆ ಮಗುವನ್ನು ಹಾಸ್ಟೆಲಿಗೆ ಕಳಿಸಿಬಿಡ್ತಾರೆ."

ಅವರು ಹೇಳಿದ್ದು ಸುಳ್ಳಲ್ಲವಲ್ಲ. ಅಲ್ಲೇ ಕಮಲಾವತಿ ಸಿಕ್ಕಿಬಿದ್ದದ್ದು. ಹೇಳಿದರೆ ಮಗು ಕೈತಪ್ಪುತ್ತದೆ, ಹೇಳದಿದ್ದರೆ ಮಗು ಆ ಕಾರಿನಲ್ಲೇ ಕೂರಬೇಕು. ದಾರಿಯಿಡೀ ಯೋಚಿಸಿ ಅವಳು ಕಂಡುಕೊಂಡ ಉಪಾಯ ಒಂದೇ: ಇನ್ನು ದಿನಾ ತಾನೂ ಜೊತೆಗೆ ಹೋಗುವುದು. ಅವರಿಗೆ ಕಾಣದ ಬದಿಯನ್ನು ತಾನು ನೋಡುವುದು.

ಮರುದಿನದಿಂದ ಬೆಳಿಗ್ಗೆಯೂ ಸಂಜೆಯೂ ಅವಳು ಸೀರೆ ಸೆರಗು ಸಿಕ್ಕಿಸಿಕೊಂಡು ಕಾರು ಹತ್ತಿದಳು. ಮೀಟರು ಈಗ ಒಂದು ದಿನವೂ ಆರಲಿಲ್ಲ, ಲೈಟು ಹಾಕಿದರೂ ಚಂದ ಬೆಳಗುತ್ತಿತ್ತು. ಅವಳು ಮಾತ್ರ, ಸೈಕಲ್ ಉಂಟು, ನಾಯಿ ಉಂಟು, ಗೂಡಂಗಡಿಯ ಎದುರು ಜನ ನಿಂತಿದ್ದಾರೆ ಎಂದು ಹೇಳುತ್ತಾ ಹೇಳುತ್ತಾ ಗಂಟಲು ಒಣಗಿಸಿಕೊಂಡಳು. ಗ್ರೀಷ್ಮಾಳಿಗೆ ಇದು ಆಟ. ಹಿಂದಿನಿಂದ ಅವಳೂ ಹಸು ಉಂಟು, ಅಂಗಿ ಹಾಕದ ಮಾಮ ಉಂಟು ಎಂದು ಕೂಗಿ ನಗುವಳು. ಅಪ್ಪ ಅಮ್ಮನಿಗೆ ಈಗ ಜೋಡಿಯಾಗಿ ತಿರುಗುವ ಪ್ರಾಯ ಬಂದಿದೆ ಎಂದು ಶಶಿರಾಜ್ ತಮಾಷೆ ಮಾಡಿದ. ಮೇಘಾಳಿಗೆ ತಮಾಷೆ ಅನ್ನಿಸಲಿಲ್ಲ. ಬೆಳಿಗ್ಗೆ ಅವಳ ಬುತ್ತಿಗೆ ಪಲ್ಯ ಆಗಿರುವುದಿಲ್ಲ, ಸಂಜೆ ಅನ್ನ ಬೇಯುವಾಗ ಸೂರ್ಯ ಮುಳುಗಲು ತಯಾರಾಗಿರುತ್ತಾನೆ, ಎಲ್ಲರೂ ಗಬಗಬ ನುಂಗಿ ಏಳಬೇಕು. ಅತ್ತೆ, ನಿಮಗೆ ದಿನಾ ಕಾರಿನಲ್ಲಿ ಎಂತ ಕೆಲಸ ಎಂದು ಒಂದು ದಿನ ಮುಖ ಕೊಟ್ಟೇ ಕೇಳಿದಳು. ಮಗು ಕರೀತದೆ, ಅದಕ್ಕೆ, ಎಂದು ಕಮಲಾವತಿ ಹೆಸರುಕಾಳು ತೊಳೆಯಲು ಎದ್ದಳು.

ಅದು ಎಷ್ಟು ದಿನ ನಡೆದೀತು? ಡಿಸೆಂಬರಿನಲ್ಲಿ ಒಂದು ಸಂಜೆ, ಕಮಲಾವತಿ ಎಡಗಡೆಯ ಸ್ಕೂಟರನ್ನು ನೋಡುತ್ತಿದ್ದಾಗ, ಬಲಗಡೆಯಿಂದ ಡೈರಿಗೆ ಹಾಲು ಕೊಂಡುಹೋಗುತ್ತಿದ್ದ ಕಾಂತಿ ಎಂಬ ಹೆಂಗಸು ರಸ್ತೆ ದಾಟಿದಳು. ಅಜ್ಜಾ ಎಂದು ಗ್ರೀಷ್ಮಾ ಕಿರುಚಿದ್ದರಿಂದ ಬ್ರೇಕು ಬಿತ್ತು. ಆದರೂ ಕಾರು ಅವಳನ್ನು ತಾಗಿತು. ಅವಳು ಕುಸಿದು ಕೂತಳು, ಹಾಲಿನ ಕ್ಯಾನು ಉರುಳಿ ಹಾಲು ಡಾಂಬರಿನ ಮೇಲೆ ಹರಿಯಿತು. ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚಿನದು ಏನೂ ಆಗಲಿಲ್ಲ, ದೇವರು ದೊಡ್ಡವನು. ನಾನು ನಿಮ್ಮ ಮುಖ ನೋಡಿಯೇ ದಾಟಿದ್ದಲ್ಲವಾ ದಣಿ, ನೀವೂ ನನ್ನನ್ನೇ ನೋಡಿದಿರಿ, ಎಂದು ಅವಳು ಮತ್ತೆ ಮತ್ತೆ ಹೇಳಿದಳು. ಸನತ್‌ಕುಮಾರರು ಬಗ್ಗಿ ಉರುಳಿದ ಕ್ಯಾನನ್ನು ಎತ್ತಿ ನಿಲ್ಲಿಸಿದರು. ಕಮಲಾವತಿ ತನ್ನ ಸೆರಗಿನಿಂದ ಅವಳ ಮೊಣಕೈ ಒರೆಸಿ, ಹಾಲಿಗೆ ಆಗುವಷ್ಟು ದುಡ್ಡು ಕೊಟ್ಟು, ಅವಳ ಮನೆಯವರೆಗೆ ಬಿಟ್ಟು ಬಂದಳು.

ಕಾರು ಮತ್ತೆ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಸನತ್‌ಕುಮಾರರು ಹಿಂದೆ ತಿರುಗದೆ ಮೊಮ್ಮಗಳಿಗೆ ಹೇಳಿದರು, ಪುಟ್ಟಿ, ಅಮ್ಮ ಕೇಳಿದರೆ ದಾರಿಯಲ್ಲಿ ಟಯರು ಪಂಕ್ಚರಾಯಿತು ಅಂತ ಹೇಳು, ಆಯ್ತಾ. ಮಗು ಅಜ್ಜಿಯ ಮುಖ ನೋಡಿತು, ಹೇಳುವುದಾ ಎನ್ನುವ ಹಾಗೆ. ಆ ನೋಟವನ್ನು ಕಮಲಾವತಿಯಿಂದ ತಡೆದುಕೊಳ್ಳಲು ಆಗಲಿಲ್ಲ. ಮಗುವನ್ನು ಉಳಿಸಿಕೊಳ್ಳಲು ಹೊರಟು ಮಗುವಿಗೇ ಸುಳ್ಳು ಕಲಿಸುವಲ್ಲಿಗೆ ಬಂದು ಮುಟ್ಟಿತ್ತಲ್ಲ.

ಮರುದಿನ ಭಾನುವಾರ, ಮನೆಯವರೆಲ್ಲ ಬೆಳಕಿರುವಾಗಲೇ ಒಟ್ಟಿಗೆ ಊಟಕ್ಕೆ ಕೂತಿದ್ದರು. ಕಮಲಾವತಿ ಎಲ್ಲರಿಗೂ ಬಡಿಸಿದಳು. ಅನ್ನ, ಸಾರು, ಅಲಸಂಡೆ ಪಲ್ಯ. ಬಡಿಸಿ ಮುಗಿಸಿ, ಸೌಟು ಪಾತ್ರೆಯಲ್ಲಿಟ್ಟು, ನಿಂತಲ್ಲಿಂದಲೇ ಎಲ್ಲ ಹೇಳಿದಳು. ಲೈಟಿನ ವಿಷಯ, ಕಣ್ಣಿನ ವಿಷಯ, ಕಾಂತಿಯ ವಿಷಯ, ಏನೂ ಬಿಡಲಿಲ್ಲ. ಶಶಿರಾಜನ ಕೈ ಬಾಯಿಯ ಹತ್ತಿರವೇ ನಿಂತಿತು. ಮೇಘಾ ಅತ್ತೆಯನ್ನೇ ನೋಡಿದಳು.

"ನಿಮಗೆ ಗೊತ್ತಿತ್ತಾ ಅತ್ತೆ? ಗೊತ್ತಿದ್ದೂ ನನ್ನ ಮಗಳನ್ನು ದಿನಾ ಆ ಕಾರಿನಲ್ಲಿ ಕೂರಿಸಿದಿರಾ?"

ತಾನೂ ಜೊತೆಗೆ ಕೂತಿದ್ದೆನಲ್ಲ ಎಂದು ಹೇಳಲು ಹೊರಟ ಕಮಲಾವತಿ, ಆ ಮಾತು ಎಷ್ಟು ಬಡವಾಗಿ ಕೇಳುತ್ತದೆಂದು ತನಗೇ ತಿಳಿದು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು.

ಸನತ್‌ಕುಮಾರರು ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡರು. ಅನ್ನ ಬಿಸಾಡುವ ಅಭ್ಯಾಸ ಅವರಿಗಿಲ್ಲ. ಕೈ ತೊಳೆದು ಬಂದು, ಹೆಂಡತಿಯ ಕಡೆ ನೋಡದೆ ಸೊಸೆಗೆ ಹೇಳಿದರು.

"ನಾಳೆಯಿಂದ ನನಗೆ ನೀನು ಬಡಿಸು ಮೇಘಾ. ಅವಳ ಕೈಯಿಂದ ನನಗೆ ಒಂದು ಲೋಟ ನೀರೂ ಬೇಡ."

ಮಾತೆಂದರೆ ಮಾತು, ಆ ಮನುಷ್ಯನದು. ಅಂದಿನಿಂದ ಹೆಂಡತಿಯ ಜೊತೆ ಮಾತೂ ನಿಂತಿತು.

ಶಶಿರಾಜ್ ಅಪ್ಪನನ್ನು ತನಗೆ ಗುರುತಿದ್ದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ತಿಂಗಳಿಗೊಮ್ಮೆ ಅದೇ ಬಾಗಿಲಲ್ಲಿ ಕಣ್ಣಿನ ಡ್ರಾಪ್ಸಿನ ಸ್ಯಾಂಪಲ್ ಹಿಡಿದು ನಿಲ್ಲುವವನು ಅವನು. ಡಾಕ್ಟರು ಎರಡೂ ಕಣ್ಣಿಗೆ ಯಂತ್ರ ಇಟ್ಟು ನೋಡಿ, ಒಳಗಿನ ಒತ್ತಡ ಏರಿ ನರ ಸತ್ತಿದೆ ಎಂದರು. ಹೋದದ್ದು ವಾಪಸು ಬರುವುದಿಲ್ಲ. ಉಳಿದದ್ದನ್ನು ಉಳಿಸಲು ನೋಡಬಹುದು, ಆದರೆ ತುಂಬಾ ತಡವಾಗಿದೆ, ದೊಡ್ಡ ಆಸೆ ಇಟ್ಟುಕೊಳ್ಳಬೇಡಿ ಎಂದರು. ಮನೆಗೆ ಬಂದು ಶಶಿರಾಜ್ ಇದನ್ನೆಲ್ಲ ಹೇಳಿದ. ನನ್ನ ಬ್ಯಾಗಿನಲ್ಲೇ ಇತ್ತಲ್ಲ ಅಮ್ಮ ಆ ಮದ್ದು, ಎಂದು ಅತ್ತ.

ಮಗುವನ್ನು ಉಳಿಸಿಕೊಳ್ಳಲು ಕಮಲಾವತಿ ಕೊನೆಯದಾಗಿ ಇನ್ನೊಂದು ಪ್ರಯತ್ನ ಮಾಡಿದಳು. ತಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುತ್ತೇನೆ ಎಂದಳು. ಒಂದು ವಾರ ಹೋದಳು ಕೂಡ. ಸಂಜೆಯ ಬಸ್ಸಿನಲ್ಲಿ ಕಾಲೇಜಿನ ಮಕ್ಕಳು ಕಾಲಿಡಲು ಜಾಗ ಬಿಡದೆ ತುಂಬಿರುತ್ತಿದ್ದರು. ಒಂದು ಬಸ್ಸು ಬಿಟ್ಟು ಇನ್ನೊಂದು ಹಿಡಿದು ನಾರಾವಿಗೆ ಬರುವಾಗ ಹೊತ್ತು ಮುಳುಗಿರುತ್ತಿತ್ತು. ಮಗು ಬುತ್ತಿಯಲ್ಲಿಟ್ಟ ಚಪಾತಿಯನ್ನು ದಾರಿಯಲ್ಲಿ ತಿಂದು ವಾಂತಿ ಮಾಡಿತು. ಕಮಲಾವತಿ ಒಂದು ವಾರ ರಾತ್ರಿಯೂಟ ಇಲ್ಲದೆ ಮಲಗಿದಳು. ಶನಿವಾರ ಬಸ್ಸಿಳಿಯುವಾಗ ಕಣ್ಣು ಕತ್ತಲೆ ಕಟ್ಟಿ ರಸ್ತೆಯ ಬದಿಯಲ್ಲೇ ಕೂತುಬಿಟ್ಟಳು. ಸಾಕು ಅತ್ತೆ ಎಂದಳು ಮೇಘಾ. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಮುಗಿಯಿತು ಎಂಬುದು ಮಾತ್ರ ಇತ್ತು.

ಹೊಸ ವರ್ಷದಲ್ಲಿ ಗ್ರೀಷ್ಮಾ ಹಾಸ್ಟೆಲಿಗೆ ಹೋದಳು. ಹೋಗುವಾಗ ಅಜ್ಜಿಯ ಸೊಂಟ ಹಿಡಿದು ಬಿಡಲೇ ಇಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು ಕಮಲಾವತಿಯೇ. ಕಾರು ಬೆಳ್ತಂಗಡಿಯವರಿಗೆ ಮಾರಿಹೋಯಿತು. ಕೊಂಡವರು ಚಾವಿ ತಿರುಗಿಸಿ, ಹಳೆ ಗಾಡಿಯಾದರೂ ಮೀಟರ್ ಬೋರ್ಡು ಎಷ್ಟು ಚೊಕ್ಕ ಉಂಟು ಮಾರಾಯ್ರೇ ಎಂದು ಹೊಗಳಿದರು. ಸನತ್‌ಕುಮಾರರು ಚಾವಡಿಯಲ್ಲಿ ಕೂತು ಇಂಜಿನಿನ ಶಬ್ದ ದೂರವಾಗುವವರೆಗೆ ಕೇಳಿದರು.

ಊಟದ ವ್ಯವಸ್ಥೆ ಕಷ್ಟದ್ದೇ ಆಯಿತು. ಅಡುಗೆ ಮಾಡುವುದು ಕಮಲಾವತಿ. ಬಡಿಸುವುದು ಮೇಘಾ, ಮಧ್ಯಾಹ್ನದ್ದನ್ನು ಬೆಳಿಗ್ಗೆಯೇ ಬಡಿಸಿ ಮುಚ್ಚಿಟ್ಟು ಹೋಗುತ್ತಿದ್ದಳು. ಸಂಜೆ ಹೊತ್ತು ಮುಳುಗುವ ಮೊದಲು ಮಾವನಿಗೆ ಬಡಿಸಬೇಕಲ್ಲ ಎಂದು ಅವಳು ಆಫೀಸಿನಲ್ಲಿ ಕೈಕಾಲು ಹಿಡಿದು ಬೇಗ ಹೊರಟು ಬರುತ್ತಿದ್ದಳು. ಅವಳು ಬಾಯಿಯಲ್ಲಿ ಏನೇ ಹೇಳಲಿ, ಕೆಟ್ಟವಳಲ್ಲ. ಕಮಲಾವತಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಅವರು ಎಷ್ಟು ಉಂಡರು, ಎಷ್ಟು ಬಿಟ್ಟರು ಎಂದು ಲಕ್ಷ್ಯ ಇಡುತ್ತಿದ್ದಳು. ದಿನ ಕಳೆದ ಹಾಗೆ ಅವರ ಕೈ ತಟ್ಟೆಯಲ್ಲಿ ಪಲ್ಯವನ್ನು ಹುಡುಕತೊಡಗಿತು. ಆಮೇಲೆ ಲೋಟವನ್ನು ಹುಡುಕತೊಡಗಿತು. ಕೊನೆಗೆ ಎದುರು ನಿಂತವರ ಗುರುತೂ ಸಿಗದಾಯಿತು. ಹೀಗೆ ಯಾವತ್ತು ಏನು ಕಾಣದಾಯಿತು ಎಂದು ಅವರು ಯಾರಿಗೂ ಹೇಳಲಿಲ್ಲ, ನೋಡುತ್ತಿದ್ದವಳಿಗೆ ಎಲ್ಲ ಗೊತ್ತಾಗುತ್ತಿತ್ತು.

ಮಾರ್ಚಿ ಬಂತು. ಸಹಕಾರಿ ಸಂಘದಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ, ಮೇಘಾಳಿಗೆ ಬೇಗ ಬರಲು ಬಿಡಲಿಲ್ಲ. ಅತ್ತೆ, ಇವತ್ತು ಆಗ್ಲಿಕ್ಕಿಲ್ಲ, ಏನಾದರೂ ಮಾಡಿ ಎಂದು ಫೋನು ಮಾಡಿದಳು. ಶಶಿರಾಜ್ ಪುತ್ತೂರಿನಲ್ಲಿದ್ದ. ಚಾವಡಿಯಲ್ಲಿ ಸನತ್‌ಕುಮಾರರು ಕಾಲು ತೊಳೆದು ಮಣೆಯ ಮೇಲೆ ಕೂತಾಗಿತ್ತು. ಮಾವಿನ ಮರದ ಆಚೆ ಸೂರ್ಯ ಕೆಳಗಿಳಿಯುತ್ತಿದ್ದ.

ಕಮಲಾವತಿ ತಟ್ಟೆಗೆ ಅನ್ನ ಹಾಕಿದಳು, ಸಾರು ಹಾಕಿದಳು. ತೆಗೆದುಕೊಂಡು ಹೊರಟವಳು ನಿಂತಳು. ತಟ್ಟೆಯನ್ನು ಕೆಳಗಿಟ್ಟು, ಮದುವೆಯಾದಂದಿನಿಂದ ಒಂದು ದಿನವೂ ಬರಿದು ಮಾಡದ ಕೈಗಳಿಂದ ಗಾಜಿನ ಬಳೆಗಳನ್ನು ಒಂದೊಂದಾಗಿ, ಶಬ್ದವಾಗದ ಹಾಗೆ ತೆಗೆದು ಒಲೆಯ ಕಟ್ಟೆಯ ಮೇಲಿಟ್ಟಳು. ಮೇಘಾ ಬಳೆ ತೊಡುವವಳಲ್ಲ. ಗಂಡ ಬದುಕಿರುವಾಗ ಹೀಗೆ ಮಾಡಬಾರದು ಎಂದು ಅವಳಿಗೆ ಗೊತ್ತಿತ್ತು. ಅವರು ಹಸಿದುಕೊಂಡು ಮಲಗಬಾರದು ಎಂಬುದೂ ಗೊತ್ತಿತ್ತಲ್ಲ.

ಅವಳು ತಟ್ಟೆಯನ್ನು ಅವರ ಎದುರಿಟ್ಟು, ಮೇಘಾ ದಿನಾ ಮಾಡುವ ಹಾಗೆ ಕೈ ಹಿಡಿದು ಅನ್ನ ಮುಟ್ಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಬೇಗ ಬಂದೆಯಾ ಮೇಘಾ? ಬಸ್ಸು ಬಂದದ್ದು ಕೇಳ್ಲೇ ಇಲ್ಲ," ಎಂದರು ಅವರು. ಹಸಿದಿದ್ದರು, ಉಂಡರು. ಕಮಲಾವತಿ ಮತ್ತೊಂದು ಸೌಟು ಸಾರು ಹಾಕಿದಳು. ಬೇಡವೆನ್ನಲಿಲ್ಲ. ಅವಳ ಕೈಯ ಊಟ ಅವರ ಗಂಟಲಲ್ಲಿ ಇಳಿಯುವುದನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ತಿಂಗಳಾಗಿತ್ತೋ.

ನಡುವೆ ಅವರ ಕೈ ತಟ್ಟೆಯಲ್ಲಿ ನಿಂತಿತು. ಸ್ವರ ತಗ್ಗಿಸಿ, ಅಡುಗೆಮನೆಯ ಕಡೆ ಕೇಳಬಾರದು ಎನ್ನುವ ಹಾಗೆ ಕೇಳಿದರು.

"ಹೊತ್ತು ಮುಳುಗುತ್ತಾ ಬಂತಲ್ಲ. ಅವಳು ಉಂಡಳಾ?"

ಕಮಲಾವತಿ ಬಾಯಿ ತೆರೆದಳು. ಒಂದು ಶಬ್ದ ಆಡಿದರೆ ಯಾರೆಂದು ಗೊತ್ತಾಗುತ್ತದೆ, ಗೊತ್ತಾದರೆ ಆ ತಟ್ಟೆ ಅಲ್ಲಿಗೇ ನಿಲ್ಲುತ್ತದೆ. ಅವಳು ಬಾಯಿ ಮುಚ್ಚಿಕೊಂಡು, ಹೌದೆಂದು ತಲೆ ಆಡಿಸಿದಳು.

ಅವರು ಅವಳು ನಿಂತ ಕಡೆಗೇ ಮುಖ ಎತ್ತಿ ಉತ್ತರಕ್ಕೆ ಕಾದರು.

"ಹೇಳು ಮಗಾ," ಎಂದರು. "ಅವಳು ಉಂಡಳಾ?"